ರೈಲಾಗಿ ಹೋದ ಕಂಪನಿ

ಪುಣೆಯಿಂದ ಜಪಾನಿ ಗ್ರಾಹಕರಿಗೆ ಮೇಲ್ ಬರೆಯುವಾಗ 'ಕಿಶಾ' ಎಂದು ಟೈಪಿಸಿ ಸ್ಪೇಸ್ ಒತ್ತುತ್ತೇನೆ. ತಮ್ಮ ಕಂಪನಿ, ವರದಿಗಾರ, ರೈಲು, ಕಚೇರಿಗೆ ಮರಳುವುದು: ನಾಲ್ಕಕ್ಕೂ ಅದೇ ಉಚ್ಚಾರ, ಕಾಂಜಿ ಅಕ್ಷರಗಳು ಮಾತ್ರ ಬೇರೆ. ಒಮ್ಮೆ ಅವಸರದಲ್ಲಿ ಗ್ರಾಹಕರ ಕಂಪನಿಯನ್ನೇ ರೈಲು ಮಾಡಿ ಕಳಿಸಿಬಿಟ್ಟಿದ್ದೆ!

ಆ ನಾಚಿಕೆಯಿಂದಲೇ ಇದರ ಇತಿಹಾಸ ಕೆದಕಿದೆ. 1915ರಲ್ಲಿ ಸುಗಿಮೊಟೊ ಕ್ಯೋಟಾ ರೂಪಿಸಿದ ಟೈಪ್‌ರೈಟರಿನಲ್ಲಿ ಸುಮಾರು 2,400 ಅಚ್ಚುಗಳು. ಒಂದೊಂದನ್ನೂ ಹುಡುಕಿ ಒತ್ತಬೇಕು. 1978ರಲ್ಲಿ ತೋಶಿಬಾದ ಮೋರಿ ಕೆನಿಚಿಯವರ ತಂಡ ಜೆಡಬ್ಲ್ಯೂ-10 ತಂದಿತು. ಉಚ್ಚಾರವನ್ನು ಕಾನಾದಲ್ಲಿ ಒತ್ತಿದರೆ ಯಂತ್ರವೇ ಕಾಂಜಿ ಸೂಚಿಸುತ್ತಿತ್ತು. ಬೆಲೆ 63 ಲಕ್ಷ ಯೆನ್!

ಅದೇ ಉಪಾಯ ಈಗ ನನ್ನ ಲ್ಯಾಪ್‌ಟಾಪಿನಲ್ಲಿದೆ; ಚುಕ್ಕಿಯ ಕೀ ಒತ್ತಿದರೆ ಪುಟ್ಟ ಸೊನ್ನೆಯಂಥ ಪೂರ್ಣವಿರಾಮವೂ ಬರುತ್ತದೆ. ಕನ್ನಡದಲ್ಲಿ ಉಚ್ಚಾರ ಒತ್ತಿದರೆ ಪದ ಮುಗಿಯಿತು; ಜಪಾನಿಯಲ್ಲಿ ಆಯ್ಕೆ ಆಗಷ್ಟೇ ಶುರು. ಆರಿಸುವ ಹೊಣೆ ಇನ್ನೂ ನಮ್ಮದೇ.