ಬಣ್ಣ ಹಾಕುವ ಘಟಕಗಳ ತ್ಯಾಜ್ಯ ಜಲ: ಪಾಚಿಯ ಮೂಲಕ ಬಣ್ಣ ನಿವಾರಣೆ

ಪೀಠಿಕೆ

ನೂಲು ಮತ್ತು ಬಟ್ಟೆಗೆ ಬಣ್ಣ ಹಾಕುವಾಗ ಬಣ್ಣದ ಒಂದು ಭಾಗವು ಎಳೆಗೆ ಹಿಡಿಯದೆ ನೀರಿನಲ್ಲಿಯೇ ಉಳಿಯುತ್ತದೆ. ಇಂತಹ ನೀರು ಕೆರೆ, ಹಳ್ಳಗಳನ್ನು ಸೇರಿದಲ್ಲಿ ಸೂರ್ಯನ ಬೆಳಕು ಒಳಗೆ ಇಳಿಯದೆ ಜಲಚರಗಳಿಗೆ ಹಾನಿಯಾಗುತ್ತದೆ. ಈ ಬಣ್ಣವನ್ನು ಪಾಚಿಯಿಂದ ತೆಗೆಯುವ ವಿಧಾನವನ್ನು ಘಟಕಗಳ ಮಾಲೀಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಾರ್ಯವಿಧಾನ

ಕ್ಲೋರೆಲ್ಲಾ, ಸ್ಪೈರೋಗೈರಾ ಮುಂತಾದ ಹಸಿರು ಪಾಚಿಗಳು ಎರಡು ರೀತಿಯಲ್ಲಿ ಬಣ್ಣವನ್ನು ನಿವಾರಿಸುತ್ತವೆ.

1. ಹೀರಿಕೆ: ಬಣ್ಣದ ಅಣುಗಳು ಪಾಚಿಯ ಕೋಶಭಿತ್ತಿಗೆ ಅಂಟಿಕೊಳ್ಳುತ್ತವೆ. ಒಣಗಿಸಿದ ಪಾಚಿಯನ್ನೂ ಇದಕ್ಕೆ ಬಳಸಬಹುದು.

2. ವಿಘಟನೆ: ಜೀವಂತ ಪಾಚಿಯ ಕಿಣ್ವಗಳು ಅಜೋ ವರ್ಗದ ಕೆಲವು ಬಣ್ಣಗಳ ಸಾರಜನಕ ಬಂಧವನ್ನು ಮುರಿಯುತ್ತವೆ.

ಗಮನಿಸಬೇಕಾದ ಅಂಶಗಳು

1. ಗಾಢ ಬಣ್ಣದ ನೀರಿನಲ್ಲಿ ಬೆಳಕು ಸಾಲದೆ ಜೀವಂತ ಪಾಚಿಯ ಬೆಳವಣಿಗೆ ಕುಂಠಿತವಾಗುತ್ತದೆ.

2. ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳ ನೀರು ಕ್ಷಾರೀಯವಾಗಿರುತ್ತದೆ. ಆದರೆ ಈ ಬಣ್ಣಗಳ ಹೀರಿಕೆ ಸಾಮಾನ್ಯವಾಗಿ ಆಮ್ಲೀಯ ನೀರಿನಲ್ಲಿ ಹೆಚ್ಚು. ಆದುದರಿಂದ ಪೂರ್ವ ಸಂಸ್ಕರಣೆ ಅಗತ್ಯ.

3. ಫಲಿತಾಂಶವು ಬಣ್ಣದಿಂದ ಬಣ್ಣಕ್ಕೆ ಭಿನ್ನವಾಗಿರುವುದರಿಂದ, ಘಟಕದ ನೀರನ್ನೇ ಬಳಸಿ ಪ್ರಯೋಗಾಲಯದಲ್ಲಿ ಮೊದಲು ಪರೀಕ್ಷಿಸತಕ್ಕದ್ದು.

ಮಿತಿಗಳು

ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಭಾವಿಸಬಾರದು. ಬಣ್ಣ ಹಿಡಿಸಲು ಬಳಸುವ ಉಪ್ಪಿನ ಬಹುಪಾಲು ನೀರಿನಲ್ಲಿಯೇ ಉಳಿಯುತ್ತದೆ. ತಮಿಳುನಾಡಿನ ತಿರುಪ್ಪೂರಿನ ಘಟಕಗಳ ತ್ಯಾಜ್ಯವು ನೊಯ್ಯಲ್ ನದಿಯನ್ನು ಸೇರಿದ ಪರಿಣಾಮ ಒರತ್ತುಪಾಳಯಂ ಜಲಾಶಯದ ನೀರು ಲವಣಯುಕ್ತವಾಗಿ ಕೃಷಿಗೆ ಅಯೋಗ್ಯವಾಯಿತು. ಶೂನ್ಯ ದ್ರವ ವಿಸರ್ಜನೆ ಸಾಧಿಸದ ಅಲ್ಲಿನ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಉಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಆದೇಶಿಸಿತು.

ಅಜೋ ಬಣ್ಣಗಳು ಅಪೂರ್ಣವಾಗಿ ವಿಘಟಿಸಿದಲ್ಲಿ ಹಾನಿಕಾರಕ ಅಮೈನ್‌ಗಳು ಉಳಿಯಬಹುದು. ಬಣ್ಣ ಹೀರಿದ ಪಾಚಿಯನ್ನು ಜಾನುವಾರುಗಳ ಮೇವಾಗಿ ಅಥವಾ ಗೊಬ್ಬರವಾಗಿ ಬಳಸಬಾರದು, ಚರಂಡಿಗೂ ಎಸೆಯಬಾರದು.

ಅರ್ಜಿದಾರರ ಗಮನಕ್ಕೆ

ಪಾಚಿ ತೊಟ್ಟಿಯನ್ನು ಅಳವಡಿಸಿದ ಕಾರಣಕ್ಕೆ ಸಮ್ಮತಿ ಪಡೆಯುವುದರಿಂದ ವಿನಾಯಿತಿ ದೊರೆಯುವುದಿಲ್ಲ. ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ 25ನೇ ಪ್ರಕರಣದಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪೂರ್ವ ಸಮ್ಮತಿ ಅಗತ್ಯ. ಈ ವಿಧಾನವನ್ನು ಅಳವಡಿಸಲು ಇಚ್ಛಿಸುವವರು ಅರ್ಜಿಯೊಂದಿಗೆ ಈ ಕೆಳಗಿನ ವಿವರಗಳನ್ನು ಸಿದ್ಧವಿಟ್ಟುಕೊಳ್ಳುವುದು ಸೂಕ್ತ:

ಅ) ದಿನವೊಂದಕ್ಕೆ ಹೊರಬರುವ ತ್ಯಾಜ್ಯ ಜಲದ ಪ್ರಮಾಣ ಮತ್ತು ಬಳಸುವ ಬಣ್ಣಗಳ ಪಟ್ಟಿ

ಆ) ತೊಟ್ಟಿಯ ಅಳತೆ ಮತ್ತು ನೀರು ಅದರಲ್ಲಿ ನಿಲ್ಲುವ ಅವಧಿ

ಇ) ಸಂಸ್ಕರಣೆಯ ಮೊದಲು ಮತ್ತು ನಂತರದ ನೀರಿನ ಪರೀಕ್ಷಾ ವರದಿ

ಈ) ಲವಣ ನಿವಾರಣೆ ಮತ್ತು ಬಳಸಿದ ಪಾಚಿಯ ವಿಲೇವಾರಿ ವ್ಯವಸ್ಥೆ