ಯೋಗ್ಯರನ್ನು ಆರಿಸುವ ಅಮಾನತ್: ಮದ್ಯನ್‌ನಿಂದ ಬಳ್ಳಾರಿಯವರೆಗೆ

ಶವ್ವಾಲ್ ತಿಂಗಳು ಬಂತೆಂದರೆ ನಮ್ಮ ಜಮಾಅತ್‌ಗಳಲ್ಲಿ ಹುಡುಕಾಟ ಶುರುವಾಗುತ್ತದೆ. ಮದ್ರಸಗಳ ಹೊಸ ವರ್ಷ ಆರಂಭವಾಗುವ ಕಾಲ ಅದು. ಒಂದು ಮಸ್ಜಿದ್‌ಗೆ ಇಮಾಮರು ಬೇಕು, ಇನ್ನೊಂದು ಕಡೆ ಮಕ್ಕಳಿಗೆ ಕಲಿಸಲು ಹಾಫಿಝ್ ಸಾಹೇಬರು ಬೇಕು. ಬಳ್ಳಾರಿ ನಗರದ ಮೊಹಲ್ಲಾ ಇರಲಿ, ಸಿರುಗುಪ್ಪ ಇರಲಿ, ಕುರುಗೋಡು ತಾಲ್ಲೂಕಿನ ಸಣ್ಣ ಹಳ್ಳಿ ಇರಲಿ, ಮುಂದಿನದು ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಇಶಾ ನಮಾಝ್ ಮುಗಿದ ಮೇಲೆ ಕಮಿಟಿಯವರು ಸಾಲಾಗಿ ಕೂರುತ್ತಾರೆ. ದೂರದಿಂದ ಬಸ್ಸಿನಲ್ಲಿ ಬಂದ ಮೌಲಾನಾ ಎದುರಿಗೆ ಕೂರುತ್ತಾರೆ. ಯಾವ ಊರು, ಯಾರ ಮಗ, ಯಾರ ಶಿಫಾರಸು, ಸಂಬಳ ಎಷ್ಟು ಬೇಕು ಎಂಬ ನಾಲ್ಕು ಪ್ರಶ್ನೆ. ಒಂದಿಷ್ಟು ಕಿರಾಅತ್. ಹತ್ತು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. "ಫೋನ್ ಮಾಡುತ್ತೇವೆ" ಎನ್ನುತ್ತಾರೆ. ಎಷ್ಟೋ ಸಲ ಆ ಫೋನ್ ಹೋಗುವುದೇ ಇಲ್ಲ.

ಈ ಹತ್ತು ನಿಮಿಷದಲ್ಲಿ ಒಬ್ಬ ಮನುಷ್ಯನ ರೋಝಿ ನಿರ್ಧಾರವಾಗುತ್ತದೆ, ನಮ್ಮ ಮಕ್ಕಳು ಯಾರ ಕೈಯಲ್ಲಿ ಕಲಿಯಬೇಕು ಎಂಬುದೂ ನಿರ್ಧಾರವಾಗುತ್ತದೆ. ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಸೂರಃ ಅನ್ನಿಸಾದ 58ನೇ ಆಯತ್ ಆಜ್ಞಾಪಿಸುತ್ತದೆ. ಇಮಾಮ್ ಇಬ್ನ್ ತೈಮಿಯ್ಯಾ ತಮ್ಮ 'ಅಸ್ಸಿಯಾಸತುಶ್ಶರಇಯ್ಯಾ' ಗ್ರಂಥದಲ್ಲಿ ಹುದ್ದೆಗೆ ಯೋಗ್ಯರನ್ನು ಆರಿಸುವ ಹೊಣೆಯನ್ನು ಈ ಆಯತಿನ ಬುನಾದಿಯ ಮೇಲೆಯೇ ವಿವರಿಸಿದ್ದಾರೆ. ಹುದ್ದೆ ಅಮಾನತ್ ಎಂದಾದರೆ, ಆ ಹುದ್ದೆಗೆ ಜನರನ್ನು ಪರೀಕ್ಷಿಸುವ ಕೂಟವೂ ಅಮಾನತ್. ಇತಿಹಾಸದಲ್ಲಿ ಈ ಪರೀಕ್ಷೆ ಹೇಗೆ ನಡೆಯಿತು ಎಂಬುದನ್ನು ನೋಡೋಣ.

ಮೊದಲನೆಯದು ಮದ್ಯನ್‌ನ ಘಟನೆ. ಹಝ್ರತ್ ಮೂಸಾ(ಅ) ಅಪರಿಚಿತರಾಗಿ ಆ ಊರಿಗೆ ಬಂದರು. ಕುರಿಗಾಹಿಗಳ ಗುಂಪಿನ ನಡುವೆ ಬದಿಗೆ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸಿಕೊಟ್ಟು, ಏನನ್ನೂ ಕೇಳದೆ ನೆರಳಿಗೆ ಸರಿದರು. ಆಮೇಲೆ ಆ ಹೆಣ್ಣುಮಕ್ಕಳಲ್ಲೊಬ್ಬಳು, ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ತಂದೆಗೆ ಹೇಳಿದಳು. ಶಕ್ತರೂ ನಂಬಿಕಸ್ತರೂ ಆದವರೇ ಕೆಲಸಕ್ಕೆ ಉತ್ತಮರು ಎಂಬುದು ಅವಳು ಕೊಟ್ಟ ಕಾರಣ. ಸೂರಃ ಅಲ್‌ಕಸಸ್‌ನಲ್ಲಿ ಇದರ ವಿವರ ಇದೆ. ಗಮನಿಸಬೇಕಾದ್ದು ಒಂದಿದೆ. ಅವಳು ಈ ಮಾತು ಹೇಳಿದ್ದು ಅವರ ಕೆಲಸವನ್ನು ಕಣ್ಣಾರೆ ಕಂಡ ಮೇಲೆ. ನಮ್ಮ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಮಾಲೀಕರಿಗೂ ಇದು ಗೊತ್ತು. ಹೊಸ ಟೈಲರ್ ಬಂದರೆ ಮಷಿನ್ ಮೇಲೆ ಕೂರಿಸಿ ಹೊಲಿಗೆ ನೋಡುತ್ತಾರೆ. ಮಕ್ಕಳಿಗೆ ಪಾಠ ಹೇಳುವವರನ್ನು ಆರಿಸುವಾಗ ಮಾತ್ರ ಹತ್ತು ಮಕ್ಕಳ ಮುಂದೆ ಕೂರಿಸಿ ಒಂದು ಪಾಠ ಮಾಡಿಸಿ ನೋಡಬೇಕೆಂದು ನಮಗೆ ತೋಚುವುದಿಲ್ಲ.

ಎರಡನೆಯದು ಹಝ್ರತ್ ಮುಆಝ್ ಇಬ್ನ್ ಜಬಲ್(ರ) ಅವರನ್ನು ಯಮನ್‌ಗೆ ಕಳಿಸಿದ ಸಂದರ್ಭ. ಅಬೂ ದಾವೂದ್ ಮತ್ತು ತಿರ್ಮಿಝಿಯಲ್ಲಿರುವ ಈ ವರದಿಯ ಸನದಿನ ಬಗ್ಗೆ ಮುಹದ್ದಿಸರಲ್ಲಿ ಚರ್ಚೆ ಇದೆ. ಆದರೂ ಫಿಕ್‌ಹ್ ವಿದ್ವಾಂಸರು ಇದನ್ನು ಶತಮಾನಗಳಿಂದ ಆಧಾರವಾಗಿ ಹೇಳುತ್ತ ಬಂದಿದ್ದಾರೆ. ನಿನ್ನ ಮುಂದೆ ವ್ಯಾಜ್ಯ ಬಂದರೆ ಹೇಗೆ ತೀರ್ಪು ಕೊಡುವೆ ಎಂದು ಪ್ರವಾದಿ(ಸ) ಕೇಳಿದರು. ಅಲ್ಲಾಹನ ಗ್ರಂಥದಿಂದ ಎಂದರು ಮುಆಝ್(ರ). ಅದರಲ್ಲಿ ಸಿಗದಿದ್ದರೆ? ಪ್ರವಾದಿಯ ಸುನ್ನತ್‌ನಿಂದ. ಅದರಲ್ಲೂ ಸಿಗದಿದ್ದರೆ? ನನ್ನ ವಿವೇಚನೆಯನ್ನು ಪೂರ್ತಿಯಾಗಿ ಬಳಸುತ್ತೇನೆ. ಪ್ರವಾದಿ(ಸ) ಅವರ ಎದೆ ತಟ್ಟಿ ಅಲ್ಲಾಹನನ್ನು ಸ್ತುತಿಸಿದರು. ಇಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ಮೂರೂ ಮಾಡಬೇಕಾದ ಕೆಲಸಕ್ಕೆ ಸಂಬಂಧಿಸಿದ್ದು. ಮುಂದಿನ ಪ್ರಶ್ನೆ ಹಿಂದಿನ ಉತ್ತರದಿಂದಲೇ ಹುಟ್ಟಿತು. ಕೇಳಿದವರು ಕಡಿಮೆ ಮಾತನಾಡಿದರು, ಉತ್ತರಿಸುವವರಿಗೆ ಮಾತನಾಡಲು ಬಿಟ್ಟರು. ಸಂದರ್ಶನದ ಕಲೆಯ ತಿರುಳು ಇಷ್ಟೇ.

ಮೂರನೆಯದು ಹಝ್ರತ್ ಉಮರ್(ರ) ಅವರದು. ಸಾಕ್ಷಿಯೊಬ್ಬರ ಪರವಾಗಿ ಇನ್ನೊಬ್ಬ ವ್ಯಕ್ತಿ ಇವರು ಒಳ್ಳೆಯವರು ಎಂದು ಭರವಸೆ ಕೊಟ್ಟರು. ನೀನು ಇವರ ನೆರೆಮನೆಯವನೇ? ಹಣಕಾಸಿನ ವ್ಯವಹಾರ ಮಾಡಿದ್ದೀಯಾ? ಜೊತೆಯಲ್ಲಿ ಪ್ರಯಾಣ ಮಾಡಿದ್ದೀಯಾ? ಎಂದು ಉಮರ್(ರ) ಕೇಳಿದರು. ಎಲ್ಲಕ್ಕೂ ಇಲ್ಲ ಎಂಬ ಉತ್ತರ ಬಂದಾಗ, ಹಾಗಾದರೆ ನಿನಗೆ ಇವರು ಗೊತ್ತಿಲ್ಲ ಎಂದುಬಿಟ್ಟರು. ಶಿಫಾರಸು ಪತ್ರದ ತೂಕ ಅಳೆಯಲು ಇದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ.

ಇನ್ನು ಇಲ್ಲ ಎನ್ನುವ ಬಗೆ. ಹಝ್ರತ್ ಅಬೂ ಝರ್(ರ) ಹುದ್ದೆ ಕೇಳಿದಾಗ ಪ್ರವಾದಿ(ಸ) ಅವರ ಹೆಗಲು ತಟ್ಟಿ, ಇದು ಅಮಾನತ್, ಈ ಭಾರಕ್ಕೆ ನೀನು ದುರ್ಬಲ ಎಂದು ನೇರವಾಗಿ ಹೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮುಖ ನೋಡಿ ಹೇಳಿದರು, ಕಾರಣ ಹೇಳಿದರು, ಪ್ರೀತಿಯಿಂದ ಹೇಳಿದರು. ಅಬೂ ಝರ್(ರ) ಅವರ ಗೌರವ ಇದರಿಂದ ಕಿಂಚಿತ್ತೂ ಕಡಿಮೆಯಾಗಲಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. 1800ರಲ್ಲಿ ನಿಜಾಮರಿಂದ ಕಂಪನಿಯ ಕೈ ಸೇರಿದ ಬಳ್ಳಾರಿ ಸೀಮೆ ಮುಂದೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1864ರ 11ನೇ ಕಾಯ್ದೆ ಬಂದ ಮೇಲೆ ಸರ್ಕಾರ ಖಾಝಿಗಳನ್ನು ನೇಮಿಸುವುದನ್ನು ಕೈಬಿಟ್ಟಿತು. ನಿಕಾಹ್ ಮುಂತಾದ ಕಾರ್ಯಗಳಿಗೆ ಸರ್ಕಾರ ನೇಮಿಸಿದ ಖಾಝಿ ಬೇಕೆಂಬ ರೂಢಿ ಇದ್ದ ಕಡೆ ಜನರಿಗೆ ತೊಂದರೆಯಾಯಿತು. ಸರ್ ಸಯ್ಯದ್ ಅಹ್ಮದ್ ಖಾನ್ ಶಾಸನ ಸಭೆಯಲ್ಲಿ ಮಂಡಿಸಿದ ಮಸೂದೆಯ ಫಲವಾಗಿ 1880ರ ಖಾಝಿ ಕಾಯ್ದೆ ಬಂತು. ಅದು ಮೊದಲು ಅನ್ವಯವಾದದ್ದೇ ಮದ್ರಾಸ್ ಪ್ರಾಂತ್ಯಕ್ಕೆ. ಎಂದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳೂ ಅದರ ವ್ಯಾಪ್ತಿಗೆ ಬಂದವು. ಒಂದು ಪ್ರದೇಶದ ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿ ಬಯಸಿದರೆ, ಅಲ್ಲಿನ ಪ್ರಮುಖ ಮುಸ್ಲಿಮರನ್ನು ವಿಚಾರಿಸಿ ಸರ್ಕಾರ ಯೋಗ್ಯರನ್ನು ನೇಮಿಸಬಹುದು ಎಂದಿತು ಕಾಯ್ದೆ. ದುರ್ನಡತೆ, ಆರು ತಿಂಗಳು ಸತತ ಗೈರುಹಾಜರಿ, ದಿವಾಳಿತನ ಹೀಗೆ ಖಾಝಿಯನ್ನು ತೆಗೆದುಹಾಕುವ ಕಾರಣಗಳನ್ನು ಒಂದೊಂದಾಗಿ ಹೇಳಿತು. ಆದರೆ ಯೋಗ್ಯತೆಯನ್ನು ಅಳೆಯುವುದು ಹೇಗೆ ಎಂಬುದನ್ನು ಹೇಳಲಿಲ್ಲ. ನಮ್ಮ ಎಷ್ಟೋ ಕಮಿಟಿಗಳ ಸ್ಥಿತಿ ಇಂದಿಗೂ ಇದೇ. ತೆಗೆಯಲು ಕಾರಣ ಹತ್ತು ಸಿಗುತ್ತವೆ, ಆರಿಸಲು ವಿಧಾನ ಒಂದೂ ಇರುವುದಿಲ್ಲ.

ಸರ್ಕಾರಿ ನೌಕರಿಯಲ್ಲೂ ಇದೇ ಪ್ರಶ್ನೆ ಎದ್ದಿತು. ಆಯ್ಕೆ ಅಧಿಕಾರಿಗಳ ಮರ್ಜಿಗೆ ಬಿಟ್ಟರೆ ಕೆಲವರೇ ತುಂಬಿಕೊಳ್ಳುತ್ತಾರೆ ಎಂಬ ದೂರಿಗೆ ಉತ್ತರವಾಗಿ ಮದ್ರಾಸ್ ಸರ್ಕಾರ 1927ರಲ್ಲಿ ಪ್ರತಿ 12 ಹುದ್ದೆಗಳಲ್ಲಿ 2 ಮುಸ್ಲಿಮರಿಗೆ ಎಂಬ ಸರದಿ ಮಾಡಿತು. 1929ರ ಕಾಯ್ದೆಯ ಮೂಲಕ ನೌಕರಿ ಆಯ್ಕೆಗೆಂದೇ ಆಯೋಗ ರಚಿಸಿತು. ಪ್ರಾಂತ್ಯವೊಂದು ಇಂಥ ಆಯೋಗ ರಚಿಸಿದ್ದು ದೇಶದಲ್ಲೇ ಮೊದಲು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜು ಪ್ರವೇಶಕ್ಕೆ ಶೇ. 25ರಷ್ಟು ಸಂದರ್ಶನ ಅಂಕ ಇಟ್ಟ ಮೈಸೂರು ಸರ್ಕಾರದ ಆದೇಶ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಾಲಯ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ 1980ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಕಣ್ಣು ತೆರೆಸುವ ಸಂಗತಿ ಹೊರಬಂತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಒಟ್ಟು 150 ಅಂಕಗಳಲ್ಲಿ 50 ಸಂದರ್ಶನಕ್ಕಿತ್ತು. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷದಲ್ಲಿ ಮುಗಿದಿತ್ತು. ತಂದೆ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆ ಕೇಳಿ ಕಳಿಸಲಾಗಿತ್ತು ಎಂಬುದು ವಿದ್ಯಾರ್ಥಿಗಳ ದೂರು. ಇಂಥ ಆಯ್ಕೆಗೆ ಅರ್ಥವಿಲ್ಲ, ಸಂದರ್ಶನದ ಅಂಕ ಶೇ. 15 ಮೀರಬಾರದು ಎಂದ ನ್ಯಾಯಾಲಯ, ಸಂದರ್ಶನವನ್ನು ಧ್ವನಿಮುದ್ರಿಸುವುದು ಒಳ್ಳೆಯದು ಎಂದೂ ಹೇಳಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಗುಂಪು ಸಿ ಮುಂತಾದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಕೇಳುವವರು ಅಮಾನತ್ ಕಾಯದಿದ್ದರೆ ಕೇಳುವ ಅಧಿಕಾರವೇ ಕೈತಪ್ಪುತ್ತದೆ ಎಂಬುದು ಇದರ ಪಾಠ.

ಸರ್ಕಾರ ಸಂದರ್ಶನ ಕೈಬಿಡಬಹುದು, ನಾವು ಬಿಡಲಾಗದು. ಇಮಾಮರನ್ನು ಬರೀ ಅಂಕಪಟ್ಟಿ ನೋಡಿ ಆರಿಸಲಾಗದು. ಹಾಗಾಗಿ ಸರಿಯಾಗಿ ಮಾಡುವುದೊಂದೇ ದಾರಿ. ಅಭ್ಯರ್ಥಿ ಬರುವ ಮೊದಲೇ ಕಮಿಟಿ ಕೂತು ಕೆಲಸ ಏನು ಎಂದು ಬರೆದುಕೊಳ್ಳಲಿ: ಐದು ಹೊತ್ತಿನ ನಮಾಝ್, ಖುತ್ಬಾ, ಮಕ್ಕಳ ಪಾಠ, ಮನೆ ಜಗಳ ಬಂದಾಗ ಸಮಾಧಾನ ಹೇಳುವುದು. ಆ ಕೆಲಸದಿಂದಲೇ ಪ್ರಶ್ನೆಗಳು ಹುಟ್ಟಲಿ. ಬಂದ ಎಲ್ಲರಿಗೂ ಅವೇ ಪ್ರಶ್ನೆ ಇರಲಿ. ಪಾಠ ಮಾಡಿಸಿ ನೋಡಲಿ. ಹಿಂದೆ ಇದ್ದ ಊರಿನ ನೆರೆಯವರನ್ನು ವಿಚಾರಿಸಲಿ. ಕೂತವರು ತಮ್ಮ ಅಭಿಪ್ರಾಯವನ್ನು ಬೇರೆ ಬೇರೆಯಾಗಿ ಬರೆದಿಟ್ಟು ಆಮೇಲೆ ಚರ್ಚಿಸಲಿ. ಇಲ್ಲದಿದ್ದರೆ ಹಿರಿಯರು ಮೊದಲು ಹೇಳಿದ ಮಾತೇ ಎಲ್ಲರ ಮಾತಾಗುತ್ತದೆ. ಸಂಬಳ, ರಜೆ, ಮನೆಯ ವಿಷಯ ನಾವೇ ಮೊದಲು ಹೇಳೋಣ. ಬಂದವರ ಬಸ್ ಖರ್ಚು ಕೊಡೋಣ. ಬೇಡ ಎಂದಾದರೆ ಒಂದು ವಾರದೊಳಗೆ ಫೋನ್ ಮಾಡಿ ಕಾರಣ ಹೇಳೋಣ.

ನಾಳೆ ಅಲ್ಲಾಹನ ಮುಂದೆ ನಿಲ್ಲುವಾಗ ಎದುರು ಕೂತು ಉತ್ತರ ಹೇಳಬೇಕಾದವರು ನಾವು. ಇಂದು ನಾವು ಪ್ರಶ್ನೆ ಕೇಳುವ ಜಾಗದಲ್ಲಿ ಕೂತಾಗ ಆ ದಿನ ನೆನಪಿರಲಿ. ಅಮಾನತ್ ಕಾಯುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.