ಬಿತ್ತದೆ ಬಂದ ಸೊಪ್ಪು: ಜತ್ತ ತಾಲೂಕಿನ ಊಟದ ಚರಿತ್ರೆಗೊಂದು ಟಿಪ್ಪಣಿ

ಜಪಾನಿನ ಮನೆಯಡುಗೆಯಲ್ಲಿ 'ಶುನ್' ಅಂತ ಒಂದು ಮಾತಿದೆ. ಕಾಯಿಪಲ್ಲೆಗೆ ಪೂರ್ತಿ ರುಚಿ ಬರುವ ಅದರದೇ ಕಾಲ ಅಂತ ಅರ್ಥ. ಆ ನಾಡಿನ ಊಟದ ಪರಂಪರೆ 'ವಾಶೋಕು' 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಜತ್ತದ ಕನ್ನಡ ಮನೆಗಳ ಊಟವೂ ಋತು ನೋಡಿಯೇ ನಡೆಯುತ್ತದೆ. ಅದನ್ನು ನಾವು 'ಬರಗಾಲದ ಊಟ' ಅಂದು ಮುಗಿಸಿಬಿಡ್ತೀವಿ. ನನಗಿದು ಒಪ್ಪಿಗೆಯಿಲ್ಲ.

ಬರ ಸುಳ್ಳಲ್ಲ, 1972 ಹಿರಿಯರಿಗೆ ಇನ್ನೂ ನೆನಪಿದೆ. ಆದರೆ ಹಕ್ಕರಕಿಯನ್ನು ಹಸಿಯಾಗೇ ಜೋಳದ ರೊಟ್ಟಿ, ಶೇಂಗಾ ಹಿಂಡಿ ಜೊತೆ ತಿನ್ನೋದರಲ್ಲಿ ರುಚಿಯ ಆಯ್ಕೆ ಇದೆ. ಪುಂಡಿಪಲ್ಲೆಗೆ ಜೋಳದ ನುಚ್ಚು ಹಾಕಿ ಕುದಿಸಿದರೆ ಹುಳಿ ಹದಕ್ಕೆ ಬರುತ್ತದೆ. ಹೆಚ್ಚಾದ ಚವಳಿಕಾಯಿ ಬಿಸಿಲಿಗೆ ಒಣಗಿ ಬೇಸಿಗೆಗೆ ಉಳಿಯುತ್ತದೆ. ಜಪಾನಿನವರು ಮೂಲಂಗಿಯನ್ನು ಎಳೆಎಳೆಯಾಗಿ ಹೆಚ್ಚಿ ಒಣಗಿಸೋದೂ ಇದೇ ಬುದ್ಧಿ.

ಡಫಳೆಯವರ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಮರಾಠಿಯಲ್ಲಿ ಪುಂಡಿಗೆ ಅಂಬಾಡಿ ಅಂತಾರೆ; ಒಲೆಯ ಮುಂದೆ ಅದು ಪುಂಡಿಯೇ. ಸಾತಬಾರಾ ಉತಾರೆಯಲ್ಲಿ ಬಿತ್ತಿದ ಬೆಳೆ ಸಿಗುತ್ತದೆ, ಬದುವಿನಲ್ಲಿ ತಾನೇ ಹುಟ್ಟಿದ ಹಕ್ಕರಕಿ ಸಿಗೋದಿಲ್ಲ. ಅದನ್ನು ಕೇಳಬೇಕಾದ್ದು ಸೊಪ್ಪು ಸೋಸುವ ಹೆಣ್ಣುಮಕ್ಕಳನ್ನ.